ಕೆಂಪು ದಾರದ ಮೂರು ಹೊಲಿಗೆ

ಈ ಆಸ್ಪತ್ರೆಯ ಇಷ್ಟೂ ಹಾಸಿಗೆಗಳ ಬೆಡ್‌ಶೀಟುಗಳನ್ನು ಒಂದು ಚಳಿಗಾಲವಿಡೀ ಒಗೆಸಿ, ಇಸ್ತ್ರಿ ಹಾಕಿಸಿ, ಮಡಿಸಿ ಕಳಿಸಿದವಳು ನಾನೇ. ಬೇಕಾದರೆ ಹೊರಗೆ ಹೋಗಿ ಯಾರನ್ನಾದರೂ ಕೇಳು. ಗೇಟಿನ ಕಾವಲುಗಾರ ಹೌದು ಎನ್ನುತ್ತಾನೆ. ನಮ್ಮ ಬೀದಿಯ ಬೇಕರಿಯವನು ಎದೆ ತಟ್ಟಿಕೊಂಡು ಹೌದು ಎನ್ನುತ್ತಾನೆ. ಇಲ್ಲಿನ ದೊಡ್ಡ ನರ್ಸಮ್ಮನಂತೂ ಕಣ್ಣಲ್ಲಿ ನೀರು ತುಂಬಿಕೊಂಡು ಹೌದು ಎನ್ನುತ್ತಾಳೆ.

ಅದರಲ್ಲಿ ಅರ್ಧ ಸುಳ್ಳು.

ಅಯ್ಯೋ, ಹೊರಗೆ ಹೋಗಿ ಕೇಳು ಎಂದೆನಲ್ಲ, ನಿನ್ನ ಕಾಲಿಗೆ ಇಷ್ಟು ದಪ್ಪ ಪ್ಲಾಸ್ಟರ್ ಇದೆ! ಬೇಡ ಮಗಳೇ, ಮಲಗಿರು. ಮೇಲೆ ನೋಡಿದರೆ ಸೂರು, ಪಕ್ಕಕ್ಕೆ ನೋಡಿದರೆ ನಾನು. ಸೂರಿಗೆ ಮಾತು ಬರುವುದಿಲ್ಲ. ನಾನು ಪ್ರತಿ ಬುಧವಾರ ಈ ವಾರ್ಡಿಗೆ ಬಂದು ಹರಿದ ಬೆಡ್‌ಶೀಟುಗಳಿಗೆ ಹೊಲಿಗೆ ಹಾಕುತ್ತೇನೆ. ಈಗ ನಿನ್ನ ಸರದಿ. ಸ್ವಲ್ಪ ಆ ಕಡೆ ಸರಿ, ಮೂಲೆ ಎಳೆದುಕೊಳ್ಳುತ್ತೇನೆ. ಇಲ್ಲಿ ನೋಡು, ಕಾಣುತ್ತಿದೆಯಾ, ಕೆಂಪು ದಾರದಲ್ಲಿ ಸಣ್ಣ ಸಣ್ಣ ಮೂರು ಹೊಲಿಗೆ? ಇದು ನನ್ನ ಸಹಿ. ನನಗೆ ಬರುವ ಸಹಿ ಇದೊಂದೇ. ಶಾಲೆಗೆ ನಾನು ಹೋದದ್ದು ಎರಡು ದಿನ. ಮೊದಲ ದಿನ ದಾರಿ ನೋಡಲು, ಎರಡನೆಯ ದಿನ ಮರೆತು ಬಂದ ಚೀಲ ತರಲು.

"ಅಜ್ಜಿ, ನಿಮ್ಮನ್ನ ಹತ್ತಜ್ಜಿ ಅಂತ ಯಾಕೆ ಕರೀತಾರೆ?" ಎಂದು ಕೇಳುತ್ತೀಯಲ್ಲ, ಅದಕ್ಕೇ. ಒಂದಿದ್ದರೆ ಹತ್ತು ಎನ್ನುತ್ತೇನಂತೆ. ಬರೀ ಹತ್ತಾ! ಅದು ಅವರ ಜಿಪುಣತನ.

ಈಗ ಹೇಳುವುದರಲ್ಲಿ ಮಾತ್ರ ಲೆಕ್ಕ ಸರಿಯಾಗಿದೆ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ನಮ್ಮ ಯಜಮಾನರು ತೀರಿಹೋಗಿ ಆಗ ನಲವತ್ತು ದಿನ. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಒಬ್ಬ ನಿಂತಿದ್ದ. ಒಬ್ಬ ಎನ್ನುವುದೂ ಜಾಸ್ತಿಯೇ; ತಂತಿಯ ಮೇಲೆ ಒಣಗಲು ಹಾಕಿದ ಅಂಗಿ ಇಳಿದು ಬಂದು ನಿಂತ ಹಾಗಿತ್ತು, ಒಳಗೆ ಮನುಷ್ಯ ಇದ್ದಾನೆಂದು ಹುಡುಕಿ ನೋಡಬೇಕು. ಒಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ. ಇನ್ನೊಂದು ಕೈಯಿಂದ ನಮ್ಮ ಮೆಟ್ಟಿಲ ಕೆಳಗಿನ ಗೂಡನ್ನು ತೋರಿಸಿ, ತನ್ನನ್ನು ತೋರಿಸಿ, ಇಸ್ತ್ರಿ ಪೆಟ್ಟಿಗೆ ತೋರಿಸಿ, ಕೈ ಮುಗಿದ. ಎಲ್ಲಿಂದಲೋ ಎಷ್ಟೋ ಗಡಿ ದಾಟಿ ಬಂದವನು, ನಮ್ಮ ಮಾತು ಒಂದೂ ಬಾರದು. ನನಗೆ ಅವನ ಮಾತು ಬಾರದು. ಆದರೂ ಒಂದು ಗಳಿಗೆಯಲ್ಲಿ ಎಲ್ಲ ಮಾತಾಡಿ ಮುಗಿಸಿದೆವು. ಆ ಗೂಡಿನಲ್ಲಿ ನಮ್ಮವರು ಸೈಕಲ್ ಇಡುತ್ತಿದ್ದರು. ಸೈಕಲ್ಲಿಗೂ ಆಗ ಯಾರೂ ಇರಲಿಲ್ಲ. ಇಬ್ಬರೂ ಜೊತೆಗಿರಲಿ ಎಂದು ಜಾಗ ಕೊಟ್ಟೆ.

ಸರಿ, ಜಾಗ ಕೊಟ್ಟ ಮೇಲೆ ಕೆಲಸವನ್ನೂ ನಾನೇ ಕೊಡಬೇಕಲ್ಲ. ಬೀದಿಯವರು ಯಾರೂ ಅವನ ಹತ್ತಿರ ಸುಳಿಯಲಿಲ್ಲ. 'ಹೊರಗಿನವನು, ಬಟ್ಟೆ ತಗೊಂಡು ಓಡಿಹೋದರೆ?' ಎಂದರು. ಅವರ ಬಟ್ಟೆ ನೋಡಿದ್ದರೆ ಎಂಥ ಕಳ್ಳನಾದರೂ ವಾಪಸು ತಂದು ಕೊಡುತ್ತಿದ್ದ. ನಾನು ಒಳಗೆ ಹೋಗಿ ಯಜಮಾನರ ಕೋಟು ತಂದೆ. ಅದನ್ನು ಹಾಕಿಕೊಳ್ಳುವವರು ಇರಲಿಲ್ಲ, ನಿಜ. ಆದರೆ ಸುಕ್ಕು ಸುಕ್ಕಾಗಿ ಗೂಟಕ್ಕೆ ತೂಗುತ್ತಿತ್ತು, ನೋಡಿದಾಗಲೆಲ್ಲ ಮನುಷ್ಯ ಈಗಷ್ಟೇ ಬಿಚ್ಚಿಟ್ಟು ಮುಖ ತೊಳೆಯಲು ಹೋದ ಹಾಗೆ ಕಾಣುತ್ತಿತ್ತು.

ಅವನು ಕೋಟು ತೆಗೆದುಕೊಂಡು, ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದ. ಹೆಸರು ಬೇಕಂತೆ, ಗುರುತಿಗೆ. ನನಗೆ ಬರೆಯಲು ಬರುವುದಿಲ್ಲ. ಬರೆದರೆ ಅವನಿಗೆ ಓದಲು ಬರುವುದಿಲ್ಲ. ಹೊಲಿಗೆ ಡಬ್ಬಿ ತಂದು ಕಾಲರಿನ ಒಳಗಡೆ ಕೆಂಪು ದಾರದಲ್ಲಿ ಮೂರು ಹೊಲಿಗೆ ಹಾಕಿದೆ. ಮೂರು ಯಾಕೆಂದರೆ, ಎರಡು ಬಿಚ್ಚಿಹೋದರೂ ಒಂದಾದರೂ ಉಳಿಯಲಿ ಎಂದು. ಅವನು ಆ ಹೊಲಿಗೆಯನ್ನೇ ನೋಡಿದ, ನನ್ನನ್ನು ನೋಡಿದ, ನಕ್ಕ. ಈ ಊರಿನಲ್ಲಿ ಅವನು ನಕ್ಕದ್ದು ಅದೇ ಮೊದಲು ಎಂದು ನಾನು ಹೇಳುತ್ತೇನೆ. ಅವನು ಅಲ್ಲ ಎನ್ನುತ್ತಾನೆ. ನೀನು ನನ್ನನ್ನು ನಂಬು.

ಅವತ್ತಿನಿಂದ ಅದೇ ಅವನ ಅಂಗಡಿಯ ಪದ್ಧತಿಯಾಯಿತು. ಪುಸ್ತಕ ಇಲ್ಲ, ಚೀಟಿ ಇಲ್ಲ. ಮನೆಗೊಂದು ಬಣ್ಣದ ದಾರ. ಮೇಷ್ಟ್ರ ಮನೆಗೆ ನೀಲಿ, ಬೇಕರಿಯವನಿಗೆ ಹಳದಿ, ಡಾಕ್ಟರಿಗೆ ಹಸಿರು. ಕೆಂಪು ನನ್ನೊಬ್ಬಳದೇ. ಎಷ್ಟು ಜನ ಬೇಡಿದರೂ ಇನ್ನೊಬ್ಬರಿಗೆ ಅದನ್ನು ಕೊಡಲಿಲ್ಲ. ನಮ್ಮ ಬೀದಿಯಲ್ಲಿ ಮನುಷ್ಯನ ಮುಖ ಮರೆತರೂ ದಾರ ಮರೆಯುವುದಿಲ್ಲ.

ಮಾತನ್ನು ಅವನು ಕಲಿತದ್ದು ನನ್ನಿಂದ. ಅದೇ ತಪ್ಪಾದದ್ದು! ದಿನಾ ಬೆಳಿಗ್ಗೆ ಬೇಕರಿಯವನು ಬ್ರೆಡ್ಡು ತಂದಾಗ ನಾನು ಮಹಡಿಯಿಂದ ಕೂಗುತ್ತಿದ್ದೆ: "ಏನೋ ಸೋಮಾರಿ, ಇಷ್ಟೊತ್ತು ಎಲ್ಲಿ ಬಿದ್ದಿದ್ದೆ? ಮುಖ ನೋಡು, ಹಿಂಡಿ ಬಿಸಾಕಿದ ಬಟ್ಟೆ ಇದ್ದಂಗಿದೆ!" ಬೇಕರಿಯವನು ಹಲ್ಲು ಕಿರಿದು ಕೈ ಬೀಸುತ್ತಿದ್ದ. ಇವನು ಮೆಟ್ಟಿಲ ಕೆಳಗೆ ಕೂತು ಕೇಳಿ ಕೇಳಿ, ಈ ಊರಿನಲ್ಲಿ ನಮಸ್ಕಾರ ಹೇಳುವುದು ಹೀಗೆ ಎಂದುಕೊಂಡ. ಒಂದು ದಿನ ಪೊಲೀಸ್ ಅಧಿಕಾರಿ ಯೂನಿಫಾರ್ಮ್ ಹಿಡಿದುಕೊಂಡು ಮೊದಲ ಸಲ ಅಂಗಡಿಗೆ ಬಂದರು. ಇವನು ಎದ್ದು ನಿಂತು, ಸೊಂಟ ಬಗ್ಗಿಸಿ, ಬಲು ಮರ್ಯಾದೆಯಿಂದ, "ಏನೋ ಸೋಮಾರಿ, ಇಷ್ಟೊತ್ತು ಎಲ್ಲಿ ಬಿದ್ದಿದ್ದೆ?" ಎಂದ.

ಬೀದಿಗೆ ಬೀದಿಯೇ ಉಸಿರು ಬಿಗಿ ಹಿಡಿಯಿತು. ಅಧಿಕಾರಿ ಟೋಪಿ ಬಿದ್ದುಹೋಗುವಷ್ಟು ನಕ್ಕರು. "ನಮ್ಮಮ್ಮ ಹೋದ ಮೇಲೆ ನನ್ನನ್ನ ಯಾರೂ ಹೀಗೆ ಮಾತಾಡಿಸಿಲ್ಲ ಕಣಯ್ಯ" ಎಂದರು. ಈಗಲೂ ಆ ಮನೆಯ ಬಟ್ಟೆ ಇವನಲ್ಲಿಗೇ ಬರುತ್ತದೆ. ಕಂದು ದಾರ.

ಹೀಗೆ ಬೆಳೆದ. ನಾಲ್ಕು ವರ್ಷಕ್ಕೆ ಎದುರುಗಡೆ ಅಂಗಡಿ ಹಿಡಿದ, ಊರಿನಿಂದ ಹೆಂಡತಿಯನ್ನು ಕರೆಸಿಕೊಂಡ, ಎರಡು ಮೆಷಿನ್ ಬಂತು, ಮಹಡಿಯ ಮೇಲೆ ತಂತಿ ಎಳೆದ. ಯಾವಾಗ ನೋಡಿದರೂ ಹಬೆಯ ಒಳಗಿಂದಲೇ ಎದ್ದು ಬರುತ್ತಾನೆಂದು ಜನ ಹಬೆಯಣ್ಣ ಎಂದು ಕರೆಯತೊಡಗಿದರು. 'ಹೊರಗಿನವನು' ಎನ್ನುವುದು ಯಾವಾಗ ನಿಂತಿತೋ ಯಾರಿಗೂ ನೆನಪಿಲ್ಲ. ನನಗೆ ನೆನಪಿದೆ. ಯಾವುದಾದರೂ ಮನೆಯಲ್ಲಿ ಸಾವಾದರೆ, ಮಾರನೆಯ ದಿನ ಆ ಮನೆಯವರ ಬಟ್ಟೆಯೆಲ್ಲ ಒಗೆದು ಮಡಿಸಿ ಬಾಗಿಲ ಹೊರಗೆ ಇಟ್ಟಿರುತ್ತಿತ್ತು. ತಂದಿಟ್ಟವನು ಕಾಣಿಸುತ್ತಿರಲಿಲ್ಲ. ಕೇಳಲು ಹೋದರೆ ಹಬೆಯೊಳಗೆ ನುಗ್ಗಿಬಿಡುತ್ತಿದ್ದ.

ಈಗ ಹಿಂದಿನ ವರ್ಷದ ಚಳಿಗಾಲಕ್ಕೆ ಬಾ. ನಮ್ಮ ಮನೆಯ ಗಡಿಯಾರದ ಮುಳ್ಳೇ ಚಳಿಗೆ ಮುದುಡಿಕೊಂಡು ಒಂದು ಗಂಟೆಗೆ ಎರಡು ಗಂಟೆ ತೆಗೆದುಕೊಳ್ಳುತ್ತಿತ್ತು, ಅಂಥ ಚಳಿ. ಆ ಚಳಿಯಲ್ಲಿ ಈ ಆಸ್ಪತ್ರೆಯ ಬಾಯ್ಲರ್ ಒಡೆದುಹೋಯಿತು. ಬಟ್ಟೆ ಒಗೆಯುವ ಕೋಣೆಗೆ ಬೀಗ ಬಿತ್ತು. ಹೊಸ ಬಾಯ್ಲರ್ ಬರಲು ತಿಂಗಳುಗಟ್ಟಲೆ ಬೇಕು ಎಂದರು. ಮನೆಯಿಂದ ಬೆಡ್‌ಶೀಟು ತನ್ನಿ ಎಂದು ರೋಗಿಗಳಿಗೆ ಹೇಳಿದರು. ಮನೆ ಇದ್ದವರು ತಂದರು. ನೀನು ಮಲಗಿರುವ ಈ ವಾರ್ಡ್ ಇದೆಯಲ್ಲ, ಇಲ್ಲಿ ಆಗ ಇದ್ದವರಲ್ಲಿ ಬಹಳ ಜನಕ್ಕೆ ತರುವವರು ಯಾರೂ ಇರಲಿಲ್ಲ. ಬರೀ ರೆಕ್ಸಿನ್ ಹಾಸಿಗೆಯ ಮೇಲೆ ಮಲಗಿದ್ದರು. ಚಳಿಗೆ ರೆಕ್ಸಿನ್ ಹೇಗಿರುತ್ತದೆ ಗೊತ್ತಲ್ಲ? ಮೈಗೆ ಅಂಟಿಕೊಂಡು ಏಳುವಾಗ ಚರ್ಮವನ್ನೇ ಕೇಳುತ್ತದೆ.

ಅವತ್ತು ಹಬೆಯಣ್ಣ ಡಾಕ್ಟರ ಕೋಟುಗಳನ್ನು ಕೊಡಲು ಇಲ್ಲಿಗೆ ಬಂದಿದ್ದ. ಕೋಟು ಕೊಟ್ಟ. ಬಾಗಿಲಲ್ಲಿ ನಿಂತು ಈ ವಾರ್ಡನ್ನು ನೋಡಿದ. ಅಂಗಡಿಗೆ ವಾಪಸು ಹೋಗಿ, ಉರಿಯುತ್ತಿರುವ ಇಸ್ತ್ರಿಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟನಂತೆ. ಯಾರದೋ ಅಂಗಿಯ ತೋಳು ಸುಟ್ಟು ವಾಸನೆ ಬಂದ ಮೇಲೆಯೇ ಎದ್ದದ್ದು. ಇಪ್ಪತ್ತೆರಡು ವರ್ಷದಲ್ಲಿ ಅವನು ಸುಟ್ಟದ್ದು ಅದೊಂದೇ ಅಂಗಿ. ಇದನ್ನೆಲ್ಲ ನನಗೆ ಆಮೇಲೆ ಹೇಳಿದವಳು ಅವನ ಹೆಂಡತಿ.

ಮಾರನೆಯ ದಿನವೇ ಆಸ್ಪತ್ರೆಯ ಹಿಂಬಾಗಿಲಿಗೆ ಕೈಗಾಡಿ ತಳ್ಳಿಕೊಂಡು ಬಂದ. "ಬೆಡ್‌ಶೀಟೆಲ್ಲ ಕೊಡಿ, ಒಗೆದು ತಂದುಕೊಡ್ತೀನಿ" ಎಂದ. "ಯಾರು ಒಗೆಸ್ತಾ ಇದಾರೆ?" ಎಂದು ದೊಡ್ಡ ನರ್ಸಮ್ಮ ಕೇಳಿದ್ದಕ್ಕೆ, "ಅದನ್ನ ಮಾತ್ರ ಕೇಳಬೇಡಿ ಅಮ್ಮ" ಎಂದ. ಯಾರೋ ದೊಡ್ಡ ಮನುಷ್ಯರು ಹೆಸರು ಹೇಳದೆ ಮಾಡಿಸುತ್ತಿದ್ದಾರೆ ಎಂದು ಆಕೆ ತಿಳಿದುಕೊಂಡಳು. ಕೈಗಾಡಿ ತಳ್ಳುವವನೇ ಆ ದೊಡ್ಡ ಮನುಷ್ಯ ಎಂದು ಯಾರಿಗೆ ಹೊಳೆಯಬೇಕು?

ಈಗ ಒಂದು ತೊಡಕು ಬಂತು. ಹಬೆಯಣ್ಣನ ಹತ್ತಿರ ಒಂದು ಗೆಸ್ಟ್ ಹೌಸಿನ ಬೆಡ್‌ಶೀಟುಗಳೂ ಬರುತ್ತಿದ್ದವು. ಅವೂ ಬಿಳಿ, ಇವೂ ಬಿಳಿ. ಮೆಷಿನ್ನಿನೊಳಗೆ ಹೋದರೆ ಯಾವುದು ಯಾರದು? ಗುರುತು ಹಾಕಲೇಬೇಕು. ದಾರದ ಬಣ್ಣಗಳೆಲ್ಲ ಹಂಚಿ ಮುಗಿದಿದ್ದವಂತೆ. ಆಗ ಅವನು ಮಾಡಿದ ಕೆಲಸ ನೋಡು: ನನ್ನ ಕೆಂಪು ದಾರ ತೆಗೆದುಕೊಂಡು, ಅಷ್ಟೂ ಬೆಡ್‌ಶೀಟಿನ ಮೂಲೆಗೆ ನನ್ನ ಮೂರು ಹೊಲಿಗೆ ಹಾಕಿದ. ನನ್ನ ಬಟ್ಟೆ ವಾರಕ್ಕೆ ಎರಡೋ ಮೂರೋ, ಬೆರಕೆಯಾಗುವ ಭಯವಿಲ್ಲ. ನನ್ನನ್ನು ಒಂದು ಮಾತು ಕೇಳಲಿಲ್ಲ, ಕಳ್ಳ.

ನನಗೇನೂ ಗೊತ್ತಿರಲಿಲ್ಲ. ನನ್ನ ಹೊದಿಕೆ ಮೂರು ದಿನ ತಡವಾಯಿತೆಂದು ಜಗಳವಾಡಲು ಹೋದೆ. ಮಹಡಿಯ ಮೇಲೆ ಸಾಲು ಸಾಲು ಬಿಳಿ ಬಟ್ಟೆ, ಚಳಿಗೆ ಹಲಗೆಯ ಹಾಗೆ ಸೆಟೆದು ನಿಂತಿದ್ದವು. "ಊರಲ್ಲಿ ಎಲ್ಲರೂ ಒಟ್ಟಿಗೇ ಹಾಸಿಗೆ ಒದ್ದೆ ಮಾಡ್ಕೊಂಡ್ರೇನೋ?" ಎಂದೆ.

"ಸ್ವಲ್ಪ ಕೆಲಸ ಜಾಸ್ತಿ ಅಮ್ಮ. ನಾಳೆ ಕೊಡ್ತೀನಿ" ಎಂದ.

ಅವನ ಕೈ ನೋಡಿದೆ. ಬೆರಳಿನ ಸಂದಿಯೆಲ್ಲ ಒಡೆದು ಬಾಯಿ ಬಿಟ್ಟಿತ್ತು. "ಆ ಕೈಗೆ ಏನಾದರೂ ಹಚ್ಚು, ಇಲ್ಲದಿದ್ರೆ ನನ್ನ ಹೊದಿಕೆಗೆ ರಕ್ತ ಮೆತ್ತುತ್ತೆ" ಎಂದು ಬೈದು ಬಂದೆ. ನನಗೆ ಪ್ರೀತಿ ಹೇಳಲು ಬೇರೆ ಭಾಷೆ ಬರುವುದಿಲ್ಲ.

ಆ ಕೈಗಾಡಿ ಆಸ್ಪತ್ರೆಗೆ ಓಡಾಡತೊಡಗಿ ಒಂದೂವರೆ ತಿಂಗಳಾಗಿತ್ತು. ಒಂದು ಮಧ್ಯಾಹ್ನ ನಮ್ಮ ಮನೆಯ ಬಾಗಿಲು ಬಡಿದರು. ನೋಡಿದರೆ ದೊಡ್ಡ ನರ್ಸಮ್ಮ, ಕೈಯಲ್ಲಿ ನನಗಿಂತ ದೊಡ್ಡದಾದ ಹೂಗುಚ್ಛ. ಹಿಂದೆ ಇಬ್ಬರು ನರ್ಸುಗಳು. ಮುಂದೆ, ಮದುವೆಗೆ ದಾರಿ ತೋರಿಸುವವನ ಹಾಗೆ ಬೇಕರಿಯವನು.

"ಇವರೇ ನೋಡಿ! ನಮ್ಮ ಕೆಂಪು ದಾರದ ಅಜ್ಜಿ! ಆಸ್ಪತ್ರೆಗೆ ಬ್ರೆಡ್ಡು ಕೊಡೋಕೆ ಹೋದಾಗ ಮೂಲೆ ನೋಡಿದ ತಕ್ಷಣ ಹೇಳಿದೆ ನಾನು, ಇದು ಇವರದೇ ಅಂತ!" ಎಂದು ಬೇಕರಿಯವನು ಕುಣಿದ.

ದೊಡ್ಡ ನರ್ಸಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು. "ಅಜ್ಜಿ, ನಿಮ್ಮಂಥೋರು ಇರೋದರಿಂದಲೇ ಈ ಊರು ಉಳಿದಿದೆ" ಎಂದಳು.

ನೀನಾಗಿದ್ದರೆ ಏನನ್ನುತ್ತಿದ್ದೆ? 'ಯಾಕೆ?' ಎಂದು ಮೊದಲು ಕೇಳುತ್ತಿದ್ದೆ. ನಾನು ಕೇಳಲಿಲ್ಲ. ಇಂಥ ಮಾತನ್ನು ಯಾರಾದರೂ ಹೇಳಲಿ ಎಂದು ಎಪ್ಪತ್ತು ವರ್ಷದಿಂದ ಕಾದಿದ್ದೆ. "ಏನೋ, ನನ್ನ ಕೈಲಾದಷ್ಟು" ಎಂದುಬಿಟ್ಟೆ! ಒಳಗೆ ಕರೆದು ಕೂರಿಸಿ, ಟೀ ಕೊಟ್ಟು, ಅರ್ಧ ಗಂಟೆ ಹೊಗಳಿಸಿಕೊಂಡೆ. ಬೆಡ್‌ಶೀಟಿನ ಸಂಗತಿ ಹೊರಬಿದ್ದದ್ದು ಎರಡನೆಯ ಲೋಟಕ್ಕೆ. ಅಷ್ಟರಲ್ಲಿ ಆಕೆ ಹೇಳಿ ಮುಗಿಸಿದ್ದಳು: "ಬರೋ ಶುಕ್ರವಾರ ಆಸ್ಪತ್ರೆ ಅಂಗಳದಲ್ಲಿ ಒಂದು ಸಣ್ಣ ಕಾರ್ಯಕ್ರಮ ಅಜ್ಜಿ. ವಾರ್ಡಿನ ಬಾಗಿಲ ಮೇಲೆ ನಿಮ್ಮ ಹೆಸರಿನ ಬೋರ್ಡ್ ಹಾಕಿಸ್ತಾ ಇದೀವಿ."

ಟೀ ನೆತ್ತಿಗೆ ಹತ್ತಿತು. "ಲಾಂಡ್ರಿಯವನನ್ನ ಕೇಳಿದ್ರಾ?" ಎಂದೆ.

"ಕೇಳಿದೆವು. 'ಆ ಕೆಂಪು ದಾರ ಅಮ್ಮನದೇ' ಅಂದರು."

ನೋಡಿದೆಯಾ? ಹುಟ್ಟಿದಾಗಿನಿಂದ ಸುಳ್ಳು ಹೇಳದ ಪ್ರಾಣಿ, ಆಗಲೂ ಹೇಳಲಿಲ್ಲ.

ಅವರು ಅತ್ತ ಹೋದರೋ ಇಲ್ಲವೋ, ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಲಾಂಡ್ರಿಗೆ ಓಡಿದೆ. ಓಡಿದೆ ಎಂದರೆ ಓಡಿದೆ, ಬೇಕರಿಯ ನಾಯಿ ಹಿಂದೆ ಬಿತ್ತು. ಹಬೆಯಣ್ಣ ಬೆಡ್‌ಶೀಟಿನ ಒಂದು ತುದಿ ಹಿಡಿದಿದ್ದ, ಅವನ ಹೆಂಡತಿ ಇನ್ನೊಂದು ತುದಿ ಹಿಡಿದಿದ್ದಳು. ನಾನು ನಡುವೆ ನಿಂತೆ.

"ಏನೋ ಇದು? ನನ್ನ ತಲೆಗೆ ಕಟ್ಟೋಕೆ ಬೇರೆ ಏನೂ ಸಿಗಲಿಲ್ವಾ ನಿಂಗೆ?"

"ಅಮ್ಮ, ತಪ್ಪಾಯ್ತು. ಬಣ್ಣ ಯಾವುದೂ ಉಳಿದಿರಲಿಲ್ಲ."

"ನೇರಳೆ ಇತ್ತು" ಎಂದಳು ಅವನ ಹೆಂಡತಿ. ಆಕೆ ದಿನಕ್ಕೆ ನಾಲ್ಕು ಮಾತು ಆಡುವವಳು. ಅವತ್ತಿನದನ್ನೆಲ್ಲ ನನಗಾಗಿ ಎತ್ತಿಟ್ಟಿದ್ದಳು. "ನೇರಳೆ ದಾರ ಪೂರ್ತಿ ಉಂಡೆ ಇತ್ತಮ್ಮ. 'ಈ ಕೆಲಸಕ್ಕೆ ಅಮ್ಮನ ದಾರವೇ ಆಗಬೇಕು' ಅಂತ ಇವರೇ ಹಟ ಹಿಡಿದ್ರು. ಕೇಳಿ, ಮೂರು ತಿಂಗಳಿಂದ ಮಧ್ಯಾಹ್ನ ಊಟಕ್ಕೆ ಕೂತಿಲ್ಲ. ಮೆಷಿನ್‌ಗೆ ಎರಡೂ ಕಡೆಯದು ಹಿಡಿಯಲ್ಲ ಅಂತ ಗೆಸ್ಟ್ ಹೌಸ್ ಕೆಲಸವನ್ನೇ ಬಿಟ್ಟರು. ನಾನು ಬೇಡ ಅನ್ನಲಿಲ್ಲ. ಆದರೆ ಯಾರಿಗೂ ಹೇಳಬೇಡ ಅಂದ್ರಲ್ಲ, ಅದೇ ಕಷ್ಟ ನಂಗೆ."

ಅದು ಒಂದೂವರೆ ತಿಂಗಳಷ್ಟೇ. ನೋಡು, ನನ್ನ ಸಹವಾಸ ಮಾಡಿ ಆಕೆಯೂ ಎರಡರಷ್ಟು ಹೇಳುವುದನ್ನು ಕಲಿತಿದ್ದಳು. ನನಗೆ ಹೆಮ್ಮೆಯಾಯಿತು. ಆದರೆ ಆಗ ನಗುವ ಹೊತ್ತಾಗಿರಲಿಲ್ಲ.

"ಶುಕ್ರವಾರ ನೀನು ಬರ್ತೀಯ, ಎಲ್ಲರ ಮುಂದೆ ನಿಂತು ನಾನೇ ಅಂತ ಹೇಳ್ತೀಯ" ಎಂದೆ.

"ಆಗಲ್ಲಮ್ಮ."

"ಯಾಕಾಗಲ್ಲ? ನಾನು ಜೀವಮಾನವಿಡೀ ಸುಳ್ಳು ಹೇಳಿದೀನಿ, ಒಪ್ಕೋತೀನಿ. ಸುಳ್ಳು ಹೇಳೋದು ಬೇರೆ, ಕದಿಯೋದು ಬೇರೆ. ಈ ವಯಸ್ಸಲ್ಲಿ ನನ್ನನ್ನ ಕಳ್ಳಿ ಮಾಡ್ತೀಯಾ?"

ಅವನು ಬೆಡ್‌ಶೀಟನ್ನು ಮೇಜಿನ ಮೇಲೆ ಹಾಸಿದ. ಅಂಗೈಯಿಂದ ಒಂದು ಸಲ ಮೆಲ್ಲಗೆ ಸವರಿದ. ಅವನು ಪ್ರತಿ ಬಟ್ಟೆಯನ್ನೂ ಹಾಗೆ ಸವರುವುದನ್ನು ನಾನು ಅಷ್ಟೂ ವರ್ಷ ನೋಡಿದ್ದೆ. ಯಾಕೆ ಎಂದು ಕೇಳಿರಲಿಲ್ಲ. ಕೇಳುವುದಕ್ಕೆ ನನ್ನ ಬಾಯಿಗೆ ಬಿಡುವು ಎಲ್ಲಿತ್ತು?

"ನಿಮ್ಮ ಮೆಟ್ಟಿಲ ಕೆಳಗೆ ಬರೋಕೆ ಮುಂಚೆ, ಈ ಊರಿಗೆ ಬಂದ ವಾರಕ್ಕೇ ಜ್ವರ ಬಂದು ಆ ಆಸ್ಪತ್ರೇಲಿ ಬಿದ್ದಿದ್ದೆ ಅಮ್ಮ. ಅದೇ ವಾರ್ಡು. ಹತ್ತೊಂಬತ್ತು ದಿನ. ಬೆವರಿಗೆ ಹಾಸಿಗೆಯೆಲ್ಲ ನೆಂದು ಹೋಗೋದು. ಒಬ್ಬರು ನರ್ಸಮ್ಮ ದಿನಕ್ಕೆ ಮೂರು ಸಲ ಬದಲಾಯಿಸೋರು. ನನ್ನನ್ನ ಈ ಪಕ್ಕ ಹೊರಳಿಸಿ ಅರ್ಧ ಹಾಸೋರು, ಆ ಪಕ್ಕ ಹೊರಳಿಸಿ ಇನ್ನರ್ಧ ಹಾಸೋರು. ಆಮೇಲೆ ಅಂಗೈಯಿಂದ ಒಂದ್ಸಲ ಹೀಗೆ ಸವರೋರು. ಬಟ್ಟೇಲಿ ಇಸ್ತ್ರಿ ಬಿಸಿ ಇನ್ನೂ ಇರೋದು. ಆಗ ಈ ಊರಲ್ಲಿ ನಂಗೆ ಬೆಚ್ಚಗಿದ್ದದ್ದು ಅದೊಂದೇ. ಹುಷಾರಾದ ಮೇಲೆ ನಾನು ಇಸ್ತ್ರಿ ಪೆಟ್ಟಿಗೆ ಹುಡುಕಿಕೊಂಡು ಹೋದದ್ದು ಅದಕ್ಕೇ."

"ಆಕೆ ಎಲ್ಲಿ ಈಗ?"

"ಮಾತು ಕಲಿತ ಮೇಲೆ ಹುಡುಕ್ಕೊಂಡು ಹೋದೆ. ಬೇರೆ ಕಡೆ ಹೋಗಿದ್ರು. ಹೆಸರು ಗೊತ್ತಿಲ್ಲ. ಯಾರು ಅಂತ ಕೇಳಲಿ? ಅಂಗೈ ಬೆಚ್ಚಗಿದ್ದ ನರ್ಸಮ್ಮ ಅಂತ ಕೇಳೋಕಾಗುತ್ತಾ? ಅವರು ಹೆಸರು ಹೇಳದೆ ಮಾಡಿದ್ರು ಅಮ್ಮ. ಅವರಿಗೆ ಮಾಡೋ ಕೆಲಸಕ್ಕೆ ನಾನು ನನ್ನ ಹೆಸರು ಹೇಗೆ ಬರೆಸಲಿ? ಅವರಾದ ಮೇಲೆ ನನ್ನನ್ನ ಮನುಷ್ಯ ಅಂತ ನೋಡಿದೋರು ನೀವು. ಅದಕ್ಕೇ ನಿಮ್ಮ ದಾರ ಹಾಕಿದೆ. ಬೋರ್ಡಿನ ಮೇಲೆ ನಿಮ್ಮ ಹೆಸರೇ ಇರಲಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ."

ನಾನು ಮೇಜಿನ ಮೇಲಿನ ಬೆಡ್‌ಶೀಟಿನ ಮೂಲೆ ಎಳೆದು ನೇರ ಮಾಡಿದೆ. "ನಾನು ನಿನ್ನ ಹೆಸರು ಎತ್ತಲ್ಲ ಕಣೋ. ಆದರೆ ನನ್ನ ಹೆಸರನ್ನೂ ಹಾಕಿಸ್ಕೊಳ್ಳಲ್ಲ" ಎಂದೆ. ಆಮೇಲೆ ಕೇಳಿದೆ: "ಊರಿಗೆಲ್ಲ ಒಂದೊಂದು ದಾರ ಕೊಟ್ಟಿದ್ದೀಯಲ್ಲ, ನಿನ್ನದು ಯಾವ ಬಣ್ಣ?"

"ನಂಗ್ಯಾಕಮ್ಮ ಗುರುತು?" ಎಂದು ನಕ್ಕ. "ಹಾಕೋದೇ ಆದ್ರೆ ಬಿಳಿ ಬಟ್ಟೆಗೆ ಬಿಳಿ ದಾರ ಹಾಕ್ತೀನಿ."

ಶುಕ್ರವಾರ ಬಂತು. ಅಂಗಳದಲ್ಲಿ ಸಾವಿರ ಜನ ಸೇರಿದ್ದರು. ಆಯಿತು, ಎಂಬತ್ತು. ಬಾಗಿಲ ಮೇಲೆ ಬೋರ್ಡು, ಅದಕ್ಕೊಂದು ಬಟ್ಟೆ ಮುಚ್ಚಿತ್ತು. ಆ ಬಟ್ಟೆಗೆ ಇಸ್ತ್ರಿ ಹಾಕಿದವನು ಕೊನೆಯ ಸಾಲಿನಲ್ಲಿ ಹೆಂಡತಿಯ ಹಿಂದೆ ಅಡಗಿ ನಿಂತಿದ್ದ. ಅವನಿಗಿಂತ ಆಕೆ ಒಂದು ಗೇಣು ಕುಳ್ಳಿ, ಎಷ್ಟು ಅಡಗಿದರೂ ಮುಖ ಕಾಣುತ್ತಿತ್ತು. ನನ್ನನ್ನು ಮುಂದೆ ಕರೆದು ಎರಡು ಮಾತಾಡಿ ಎಂದರು.

ಹೆಸರು ಎತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಉಳಿದದ್ದನ್ನು ಹೇಳಬಾರದು ಎಂದು ಯಾರೂ ಕೇಳಿರಲಿಲ್ಲ. "ನೋಡಿ, ಇದನ್ನ ಮಾಡಿದ್ದು ನಾನಲ್ಲ. ದಾರ ನನ್ನದು, ಕೆಲಸ ನನ್ನದಲ್ಲ. ನಾನು ಒಂದು ಕರವಸ್ತ್ರವನ್ನೂ ಒಗೆದಿಲ್ಲ" ಎಂದೆ. ನನ್ನ ಬದುಕಿನಲ್ಲಿ ಎಂಬತ್ತು ಜನರೆದುರು ನಾನು ಹೇಳಿದ ಮೊದಲನೆಯ ನಿಜ ಅದು.

ಚಪ್ಪಾಳೆ! ಕಿವಿ ಒಡೆದುಹೋಗುವ ಹಾಗೆ ಚಪ್ಪಾಳೆ! "ಎಂಥ ವಿನಯ!" ಎಂದು ದೊಡ್ಡ ನರ್ಸಮ್ಮ ಕಣ್ಣೊರೆಸಿಕೊಂಡಳು. ಬೇಕರಿಯವನು, "ನಮ್ಮ ಹತ್ತಜ್ಜಿ ಒಂದನ್ನ ಸೊನ್ನೆ ಮಾಡಿ ಹೇಳ್ತಾ ಇದಾರೆ ಅಂದ್ರೆ, ನಿಜವಾಗಲೂ ಎಷ್ಟು ಮಾಡಿರಬೇಕು ನೋಡಿ!" ಎಂದು ಕೂಗಿದ. "ಅಲ್ಲ ಕಣೋ ದಡ್ಡ, ನಿಜವಾಗಲೂ ನಾನಲ್ಲ!" ಎಂದೆ. ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ನಾನು ಎಷ್ಟು ಅಲ್ಲ ಎಂದರೆ ಅಷ್ಟು ದೊಡ್ಡವಳಾಗುತ್ತಿದ್ದೆ. ಕೊನೆಯ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವನು ಯಾರು ಎಂದು ಹೇಳಬೇಕಾ? ಒಡೆದ ಕೈ ನೋಯುತ್ತದೆ ಎನ್ನುವ ಪರಿವೆಯೂ ಇಲ್ಲ.

ಇನ್ನೇನು ಬೋರ್ಡಿನ ಬಟ್ಟೆ ಸರಿಸಬೇಕು. ನಾನು ಅಡ್ಡ ನಿಂತೆ. "ನನ್ನ ಹೆಸರು ಅಳಿಸಿದರೆ ಮಾತ್ರ ಇಲ್ಲಿಂದ ಏಳ್ತೀನಿ" ಎಂದು ಬಾಗಿಲಲ್ಲೇ ಕೂತುಬಿಟ್ಟೆ. ಮುದುಕಿ ಹಟ ಹಿಡಿದು ನೆಲದ ಮೇಲೆ ಕೂತರೆ ಏನು ಮಾಡುತ್ತಾರೆ? ಬೋರ್ಡು ಇಳಿಸಿದರು. "ಹಾಗಾದರೆ ನಿಮಗೆ ಏನು ಮಾಡೋಣ ಅಜ್ಜಿ?" ಎಂದು ದೊಡ್ಡ ನರ್ಸಮ್ಮ ಕೇಳಿದಳು. "ವಾರಕ್ಕೊಂದು ದಿನ ಹರಿದ ಬೆಡ್‌ಶೀಟು ಹೊಲಿಯೋ ಕೆಲಸ ಕೊಡಿ. ಹೊಗಳಿಸಿಕೊಂಡಿದ್ದಕ್ಕೆ ಅರ್ಧವಾದರೂ ನಿಜವಾಗಲಿ" ಎಂದೆ.

ಆ ಅರ್ಧವೇ ಇದು. ನಾನು ಶುರುವಿನಲ್ಲಿ ಹೇಳಿದೆನಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಹೊಸ ಬಾಯ್ಲರ್ ಬಂತು. ಗೆಸ್ಟ್ ಹೌಸಿನವರೂ ಹಬೆಯಣ್ಣನಿಗೆ ವಾಪಸಾದರು. ಬೇರೆಯವರು ಮಡಿಸಿದ್ದು ಅವರಿಗೆ ಸರಿಬರಲಿಲ್ಲವಂತೆ. ಉಳಿದ ವಾರ್ಡುಗಳ ಬಟ್ಟೆ ಇಲ್ಲೇ ಒಗೆಯುತ್ತಾರೆ. ಈ ವಾರ್ಡಿನದನ್ನು ಮಾತ್ರ ಅವನು ಬಿಟ್ಟುಕೊಟ್ಟಿಲ್ಲ. ದಿನಾ ಬೆಳಿಗ್ಗೆ ಕೈಗಾಡಿ ಹಿಂಬಾಗಿಲಿಗೆ ಬರುತ್ತದೆ. ನಿನ್ನೆ ನಿನಗೆ ಬೆಡ್‌ಶೀಟು ಹಾಸಿದಾಗ ಬೆಚ್ಚಗಿತ್ತು ಎಂದೆಯಲ್ಲ, ಈಗ ಗೊತ್ತಾಯಿತಾ?

ಏನಂದೆ? 'ಮಾತು ಕೊಟ್ಟು ನನಗೆ ಹೇಳಿಬಿಟ್ಟಿರಲ್ಲ ಅಜ್ಜಿ?' ಹೇಳಿದರೆ ಏನಾಯಿತು? ಈ ಹಾಸಿಗೆಯಲ್ಲಿ ಮಲಗಿದವರಿಗೆಲ್ಲ ಹೇಳಿದ್ದೇನೆ. ಅವನ ಹೆಸರು ಎತ್ತಿದೆನಾ? ಇಲ್ಲ. ಹಬೆಯಣ್ಣ ಎನ್ನುವುದು ಬೀದಿ ಇಟ್ಟದ್ದು, ತಂದೆತಾಯಿ ಇಟ್ಟ ಹೆಸರಲ್ಲ. ಮತ್ತೆ ನೀನು ಹೋಗಿ ಯಾರಿಗೆ ಹೇಳಿದರೂ, 'ಯಾರು, ಹತ್ತಜ್ಜಿ ಹೇಳಿದ್ದಾ?' ಎಂದು ನಕ್ಕು ಸುಮ್ಮನಾಗುತ್ತಾರೆ. ನನ್ನ ಬಾಯಲ್ಲಿ ಗುಟ್ಟು ಇಟ್ಟಷ್ಟು ಭದ್ರವಾಗಿ ಕಬ್ಬಿಣದ ಪೆಟ್ಟಿಗೆಯಲ್ಲೂ ಇಡಲಾಗದು.

ಈಗ ಕೈ ಕೊಡು. ಕಣ್ಣು ಮುಚ್ಚು. ನನ್ನ ಕೆಂಪು ಹೊಲಿಗೆಯ ಪಕ್ಕ ಬೆರಳಾಡಿಸು, ಮೆಲ್ಲಗೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಗುಲುತ್ತದೆ. ಸಿಕ್ಕಿತಾ? ಬಿಳಿ ದಾರ. ಒಂದೇ ಒಂದು ಹೊಲಿಗೆ. ಬುಧವಾರ ಬುಧವಾರ ಬಂದು ಅಷ್ಟೂ ಬೆಡ್‌ಶೀಟಿಗೆ ಹಾಕಿ ಮುಗಿಸಿದ್ದೇನೆ. ನರ್ಸುಗಳಿಗೆ ಗೊತ್ತಿಲ್ಲ. ಆದರೆ ಪ್ರತಿ ಬಟ್ಟೆಯನ್ನೂ ಅಂಗೈಯಿಂದ ಸವರಿ ನೋಡುವವನಿಗೆ ಗೊತ್ತಾಗದೆ ಇರುತ್ತದೆಯ? ನಾಲ್ಕು ತಿಂಗಳಾಯಿತು, ಬಾಯಿ ಬಿಟ್ಟಿಲ್ಲ. ಬಿಚ್ಚಿ ಹಾಕುತ್ತಾನೇನೋ ಎಂದು ಕಾದೆ. ಬಿಚ್ಚಿಲ್ಲ. ಬೈಯುತ್ತಾನೇನೋ ಎಂದುಕೊಂಡೆ. 'ನಿಮ್ಮ ಬಟ್ಟೆ ರೆಡಿ ಇದೆ ಅಮ್ಮ' ಎನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಹೋದ ಸೋಮವಾರ ನನ್ನ ದಿಂಬಿನ ಬಿಳಿ ಕವರು ಒಗೆದು ಬಂತು. ಮಲಗಿದೆ. ನನಗೆ ನಿದ್ದೆ ಬರುವ ತನಕ ಮೂಲೆಯ ಮೂರು ಹೊಲಿಗೆಯನ್ನು ಬೆರಳಿನಿಂದ ಎಣಿಸುವ ಅಭ್ಯಾಸ. ಒಂದು, ಎರಡು, ಮೂರು ಎಂದು ಎಣಿಸಿದೆ. ಅಲ್ಲಿಗೆ ಮುಗಿಯಬೇಕಲ್ಲವಾ? ಬೆರಳು ಮುಂದೆ ಸರಿಯಿತು, ಏನೋ ತಗುಲಿತು. ಎದ್ದು ದೀಪ ಹಾಕಿ ಕನ್ನಡಕ ಏರಿಸಿ ನೋಡಿದರೆ ಏನೂ ಕಾಣಲಿಲ್ಲ.

ಏನಿತ್ತು, ಹೇಳು ನೋಡೋಣ?